ಮಳೆಗೆ ಮುನ್ನ ಅಟ್ಟ ಖಾಲಿಯಾಗಲಿ: ಹಳೆಯ ರಟ್ಟಿನ ಪೆಟ್ಟಿಗೆಗಳ ವಿಲೇವಾರಿಗೆ ಸಮಗ್ರ ಮಾರ್ಗದರ್ಶಿ

ಬಯಲುಸೀಮೆಯವರು ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಯಾವಾಗ ಬೇಕಾದರೂ ಹೊರಹಾಕಬಹುದು. ಮಲೆನಾಡಿನವರಿಗೆ ಆ ಅನುಕೂಲವಿಲ್ಲ. ಇಲ್ಲಿ ಈ ಕೆಲಸಕ್ಕೆ ಸಲ್ಲುವ ಕಾಲ ಒಂದೇ: ಯುಗಾದಿ ಕಳೆದ ಮೇಲೆ, ಮೃಗಶಿರ ಮಳೆ ಹಿಡಿಯುವ ಮೊದಲು. ಜೂನ್ ಮೊದಲ ವಾರ ದಾಟಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಉಟ್ಟ ಬಟ್ಟೆಯೇ ಒಣಗುವುದಿಲ್ಲ, ಇನ್ನು ರಟ್ಟು ಎಲ್ಲಿ ಒಣಗೀತು? ಆಗುಂಬೆ, ಹುಲಿಕಲ್ ಸುತ್ತಿನವರಿಗಂತೂ ಇದನ್ನು ಹೇಳಿಕೊಡಬೇಕಾಗಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಅಷ್ಟು ಮಳೆಯಿಲ್ಲ ನಿಜ; ಆದರೆ ವಿನೋಬನಗರದ ತಾರಸಿ ಮನೆಯ ಅಟ್ಟಕ್ಕೂ ಜುಲೈ ತಿಂಗಳ ತಂಡಿ ಏರದೆ ಬಿಡುವುದಿಲ್ಲ.

ಒಣಗಿದ ರಟ್ಟು ಮಾರುವ ಸರಕು, ನೆನೆದದ್ದು ಕಸ. ಮುಂದೆ ಹೇಳುವ ಪ್ರತಿ ಹಂತವೂ ಈ ಒಂದು ಮಾತನ್ನು ಹಿಡಿದೇ ಸಾಗುತ್ತದೆ.

ರಟ್ಟಿನೊಳಗೆ ಏನಿದೆ?

ಒಂದು ಪೆಟ್ಟಿಗೆಯ ಅಂಚನ್ನು ಹರಿದು ಬೆಳಕಿಗೆ ಹಿಡಿದು ನೋಡಿ. ಹೊರಗೊಂದು, ಒಳಗೊಂದು ಚಪ್ಪಟೆ ಹಾಳೆ. ನಡುವೆ ಅಲೆಅಲೆಯಾಗಿ ಮಡಿದ ಇನ್ನೊಂದು ಹಾಳೆ. ಪ್ರತಿ ಅಲೆಯ ನೆತ್ತಿಯೂ ಅಂಟಿನ ತೆಳು ಗೆರೆಯಿಂದ ಚಪ್ಪಟೆ ಹಾಳೆಗೆ ಕಚ್ಚಿಕೊಂಡಿರುತ್ತದೆ. ಇದು ವ್ಯಾಪಾರದವರು ತ್ರೀ ಪ್ಲೈ ಎನ್ನುವ ಮೂರು ಪದರದ ರಟ್ಟು. ಟಿ.ವಿ., ಮಿಕ್ಸರ್, ಫ್ರಿಜ್‌ನಂಥ ಭಾರದ ವಸ್ತುಗಳಿಗೆ ಐದು ಪದರ, ಕೆಲವೊಮ್ಮೆ ಏಳು ಪದರವೂ ಇರುತ್ತದೆ.

ಆ ಅಂಟು ಸಾಮಾನ್ಯವಾಗಿ ಮೆಕ್ಕೆಜೋಳದಂಥ ಧಾನ್ಯದ ಪಿಷ್ಟದ್ದು. ಜಿರಳೆಗೂ, ಪುಸ್ತಕಗಳ ನಡುವೆ ಸರಿದಾಡುವ ಬೆಳ್ಳಿಬಣ್ಣದ ಹುಳಕ್ಕೂ ಅದು ಊಟ. ಗೆದ್ದಲಿಗೆ ಕಾಗದವೇ ಸಾಕು, ಅಂಟಿನ ಹಂಗಿಲ್ಲ. ಅಲೆಗಳ ನಡುವಿನ ಕೊಳವೆಗಳು ಕತ್ತಲೆ, ಬೆಚ್ಚಗೆ, ಗಾಳಿ ಬೀಸದ ಜಾಗ. ಅಂದರೆ ಊಟವೂ ವಸತಿಯೂ ಒಂದೇ ಕಡೆ. ಕಿರಾಣಿ ಅಂಗಡಿಯಿಂದ ತಂದ ಪೆಟ್ಟಿಗೆಯ ತಳದ ಮಡಿಕೆ ಎತ್ತಿ ನೋಡಿದರೆ ಹುಣಸೆಬೀಜದ ಬಣ್ಣದ, ಅದಕ್ಕಿಂತ ಚಿಕ್ಕದಾದ ಜಿರಳೆ ಮೊಟ್ಟೆಯ ಕೋಶ ಅಂಟಿಕೊಂಡಿರುವುದು ಅಪರೂಪವಲ್ಲ. ಅಡುಗೆಮನೆಗೆ ಎಷ್ಟೇ ಔಷಧಿ ಹೊಡೆದರೂ ಜಿರಳೆ ಕಡಿಮೆಯಾಗುತ್ತಿಲ್ಲ ಎನ್ನುವವರು ಮೊದಲು ಅಟ್ಟದ ಕಡೆ ನೋಡಬೇಕು.

ಇನ್ನು ತೇವದ ಮಾತು. ಕಾಗದ ಗಾಳಿಯಲ್ಲಿರುವ ತೇವವನ್ನು ತಾನಾಗಿ ಹೀರುತ್ತದೆ. ಮೇಲೆ ನೀರು ಬೀಳಲೇಬೇಕೆಂದಿಲ್ಲ. ಮಳೆಗಾಲದ ತೇವದ ಗಾಳಿಯಲ್ಲಿ ರಟ್ಟಿನ ಪೆಟ್ಟಿಗೆ ಭಾರ ಹೊರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಳ್ಳುತ್ತದೆ. ಒಂದರ ಮೇಲೊಂದು ಪೇರಿಸಿಟ್ಟ ಪೆಟ್ಟಿಗೆಗಳು ಶ್ರಾವಣದ ಹೊತ್ತಿಗೆ ಸೊಂಟ ಬಾಗಿ ಕೂರುವುದು ಇದೇ ಕಾರಣಕ್ಕೆ. ಆಮೇಲೆ ಬೂಷ್ಟು, ಅದರ ಹಿಂದೆಯೇ ಆ ಮುಗ್ಗಲು ವಾಸನೆ.

ಇಟ್ಟುಕೊಳ್ಳಬೇಕಾದದ್ದು ಯಾವುದು?

ಇಳಿಸುವ ಮೊದಲೇ ಇದನ್ನು ನಿರ್ಧರಿಸಿಕೊಳ್ಳಿ. ಇಲ್ಲವಾದರೆ ಅಂಗಳಕ್ಕೆ ಇಳಿದ ಪೆಟ್ಟಿಗೆಗಳಲ್ಲಿ ಅರ್ಧ ಸಂಜೆಯೊಳಗೆ ಮರಳಿ ಅಟ್ಟ ಹತ್ತುತ್ತವೆ.

ಮನೆಯ ಹಿರಿಯರು ಮೊದಲು ಎತ್ತುವ ತಕರಾರು ವಾರಂಟಿಯದು. ‘ಪೆಟ್ಟಿಗೆ ಇಲ್ಲದಿದ್ದರೆ ರಿಪೇರಿಗೆ ತೆಗೆದುಕೊಳ್ಳುವುದಿಲ್ಲ’ ಎಂಬ ನಂಬಿಕೆ ಬಲವಾಗಿದೆ. ಸಾಮಾನ್ಯವಾಗಿ ವಾರಂಟಿಗೆ ಬೇಕಾದದ್ದು ಬಿಲ್ಲು ಮತ್ತು ವಸ್ತುವಿನ ಕ್ರಮಸಂಖ್ಯೆ. ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆಯ ಚೀಟಿಯನ್ನು ಚೌಕವಾಗಿ ಕತ್ತರಿಸಿ ಬಿಲ್ಲಿನ ಜೊತೆ ಪಿನ್ ಮಾಡಿ ಇಡಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಹಿಂದಿರುಗಿಸುವ ಗಡುವು ಮುಗಿಯದ ಹೊಸ ವಸ್ತುಗಳ ಪೆಟ್ಟಿಗೆಯನ್ನು ಮಾತ್ರ ಆ ಗಡುವಿನವರೆಗೆ ಇಟ್ಟುಕೊಳ್ಳಿ. ಬಾಡಿಗೆ ಮನೆಯವರು, ವರ್ಗಾವಣೆಯ ನೌಕರಿಯವರು ಟಿ.ವಿ. ಪೆಟ್ಟಿಗೆ ಉಳಿಸಿಕೊಂಡರೆ ತಪ್ಪಿಲ್ಲ. ಅದರ ಒಳಗಿನ ಅಚ್ಚಿನ ಥರ್ಮೋಕೋಲ್ ಮತ್ತೆ ಸಿಗುವುದಿಲ್ಲ.

ಎರಡನೆಯದು ನಮ್ಮ ಕಡೆಯದೇ ಅಗತ್ಯ. ಬೆಂಗಳೂರಿನಲ್ಲಿರುವ ಮಕ್ಕಳಿಗೆ ರಾತ್ರಿ ಬಸ್ಸಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕಾಯಿ, ಬಾಳೆಗೊನೆಯ ಒಂದೆರಡು ಚಿಪ್ಪು ಕಳಿಸುವ ಮನೆಗಳಿಗೆ ಗಟ್ಟಿ ಪೆಟ್ಟಿಗೆ ಬೇಕೇ ಬೇಕು. ಅದಕ್ಕಾಗಿ ನಾಲ್ಕೈದು ಇಟ್ಟುಕೊಳ್ಳಿ, ಆದರೆ ಐದು ಪದರದವನ್ನೇ ಆರಿಸಿ, ಎಣ್ಣೆಯ ಕಲೆ ಇಲ್ಲದ್ದನ್ನೇ ಆರಿಸಿ, ಬಿಚ್ಚಿ ಚಪ್ಪಟೆ ಮಾಡಿಯೇ ಇಡಿ. ಚಪ್ಪಟೆಯಾದ ಪೆಟ್ಟಿಗೆ ಬೀರುವಿನ ಹಿಂದೆ ನಿಲ್ಲುತ್ತದೆ, ಬೇಕಾದಾಗ ತಳಕ್ಕೆ ಟೇಪು ಹಚ್ಚಿದರೆ ಮತ್ತೆ ಸಿದ್ಧ. ‘ಯಾವುದಕ್ಕಾದರೂ ಬೇಕಾಗಬಹುದು’ ಎಂಬ ಕಾರಣಕ್ಕೆ ಮಾತ್ರ ಉಳಿದಿರುವ ಪೆಟ್ಟಿಗೆಗಳ ಬಗ್ಗೆ ನಾನು ನಿಷ್ಕರುಣಿ. ಒಂದು ಮಳೆಗಾಲ ಕಳೆದರೂ ಬೇಕಾಗದ್ದು ಮುಂದೆಯೂ ಬೇಕಾಗುವುದಿಲ್ಲ.

ಇಳಿಸುವಾಗ

ಅಟ್ಟದ ಪೆಟ್ಟಿಗೆಗೆ ಬರಿಗೈ ಹಾಕಬೇಡಿ. ಚೇಳು, ಮಂಡರಗಪ್ಪೆ, ಒಮ್ಮೊಮ್ಮೆ ಹಾವಿನ ಪೊರೆ, ಪೊರೆ ಬಿಟ್ಟ ಹಾವೂ ಅಲ್ಲಿರಬಹುದು. ಕೊಟ್ಟಿಗೆಯ ಮೇಲಿನ ಅಟ್ಟವಾದರೆ ಈ ಮಾತು ಎರಡು ಪಟ್ಟು ನಿಜ. ದಪ್ಪ ಕೈಗವಸು, ಮೂಗಿಗೆ ಮಾಸ್ಕ್, ಕೈಯಲ್ಲೊಂದು ಟಾರ್ಚ್ ಇರಲಿ. ಮೊದಲು ಉದ್ದ ಕೋಲಿನಿಂದ ಪೆಟ್ಟಿಗೆಯನ್ನು ತಟ್ಟಿ, ಸ್ವಲ್ಪ ಕಾದು, ನಂತರ ಎಳೆದುಕೊಳ್ಳಿ. ಏಣಿಯ ಕೆಳಗೆ ಒಬ್ಬರು ನಿಂತು ಪೆಟ್ಟಿಗೆ ಇಸಿದುಕೊಳ್ಳಬೇಕು. ಮೇಲಿನಿಂದ ಎಸೆದರೆ ಮನೆಯೆಲ್ಲ ಧೂಳು.

ಇಲಿಯ ಹಿಕ್ಕೆ, ಮೂತ್ರದ ಕಲೆ ಕಂಡ ಪೆಟ್ಟಿಗೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಇಲಿಜ್ವರದ ರೋಗಾಣು ಇಲಿಯ ಮೂತ್ರದಿಂದ ಹರಡುತ್ತದೆ, ಕೈಕಾಲಿನ ಸಣ್ಣ ಗಾಯದ ಮೂಲಕವೂ ಒಳಹೊಕ್ಕಬಲ್ಲದು. ಗದ್ದೆ, ತೋಟದಲ್ಲಿ ಕೆಲಸ ಮಾಡುವವರಿಗೆ ಈ ಜ್ವರದ ಹೆಸರು ಹೊಸದಲ್ಲ. ಅಂಥ ಪೆಟ್ಟಿಗೆಯನ್ನು ಒಣಗಿದಂತೆಯೇ ಗುಡಿಸಿ ಕೊಡವಬೇಡಿ. ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗವಸು ಹಾಕಿಯೇ ಚೀಲಕ್ಕೆ ತುಂಬಿ ಬೇರೆ ಇಡಿ. ಅದು ಮಾರಾಟಕ್ಕೂ ಬೇಡ, ಗೊಬ್ಬರಕ್ಕೂ ಬೇಡ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈಕಾಲು ತೊಳೆಯುವುದು ತಪ್ಪದಿರಲಿ.

ಇಳಿದ ಪ್ರತಿ ಪೆಟ್ಟಿಗೆಯನ್ನೂ ಅಂಗಳದಲ್ಲಿ ಬೋರಲು ಹಾಕಿ ನೋಡಿ. ಹಳೆಯ ಪಹಣಿ, ಮಕ್ಕಳ ಅಂಕಪಟ್ಟಿ, ಸೊಸೈಟಿಯ ರಸೀದಿಗಳು ಇಂಥ ಪೆಟ್ಟಿಗೆಗಳ ತಳದಲ್ಲೇ ಸಿಗುವುದು.

ಬೇರ್ಪಡಿಸುವ ಬಗೆ

ಅಂಗಳದಲ್ಲಿ ಗುಪ್ಪೆಗಳನ್ನು ಮಾಡಿಕೊಳ್ಳಿ. ಎಲ್ಲಕ್ಕಿಂತ ದೊಡ್ಡದು ಅಲೆಯ ಪದರವಿರುವ ಕಂದು ರಟ್ಟಿನದು. ಗುಜರಿಯವರು ಬಯಸುವುದು ಇದನ್ನೇ. ಟೂತ್‌ಪೇಸ್ಟ್, ಔಷಧಿ, ಸೋಪು, ಚಪ್ಪಲಿಯ ತೆಳು ಪೆಟ್ಟಿಗೆಗಳು ಇನ್ನೊಂದು ಗುಪ್ಪೆ. ಇವೂ ಮರುಬಳಕೆಗೆ ಸಲ್ಲುತ್ತವೆ, ಆದರೆ ದೊಡ್ಡ ರಟ್ಟಿನೊಂದಿಗೆ ಬೆರೆಸಿದರೆ ಇಡೀ ಕಟ್ಟಿಗೆ ಕಡಿಮೆ ದರ ಕಟ್ಟುತ್ತಾರೆ. ಮೊಟ್ಟೆಯ ಟ್ರೇಗಳನ್ನು ಇವುಗಳ ಜೊತೆಗೇ ಹಾಕಬಹುದು.

ತೊಡಕಿರುವುದು ಮಿಕ್ಕವುಗಳಲ್ಲಿ. ಸಿಹಿತಿಂಡಿಯ ಹೊಳೆಯುವ ಪೆಟ್ಟಿಗೆಯನ್ನು ನಿಧಾನವಾಗಿ ಹರಿಯಿರಿ. ಕಾಗದ ಹರಿದು, ಅದರ ಮೇಲೆ ತೆಳು ಪೊರೆಯೊಂದು ಹರಿಯದೆ ಜಗ್ಗಿದರೆ ಅದು ಪ್ಲಾಸ್ಟಿಕ್ ಲೇಪ. ಕಾಗದದ ಗುಂಪಿಗೆ ಸೇರದು. ತುಪ್ಪ, ಎಣ್ಣೆ ಹೀರಿದ ರಟ್ಟೂ ಸೇರದು. ಕಾಗದದ ಗಿರಣಿಯಲ್ಲಿ ರಟ್ಟನ್ನು ನೀರಿನಲ್ಲಿ ಕದಡಿ ನಾರನ್ನು ಬಿಡಿಸುತ್ತಾರೆ. ಟೇಪು, ಪಿನ್ನುಗಳನ್ನು ಅಲ್ಲಿ ಸೋಸಿ ತೆಗೆಯಲು ವ್ಯವಸ್ಥೆಯಿದೆ, ಆದರೆ ನಾರಿಗೆ ಹತ್ತಿದ ಜಿಡ್ಡು ನೀರಿನಲ್ಲಿ ಬಿಡುವುದಿಲ್ಲ, ಹೊಸ ಹಾಳೆಯ ಮೇಲೆ ಕಲೆಯಾಗಿ ಉಳಿಯುತ್ತದೆ. ಪಿಜ್ಜಾ ಪೆಟ್ಟಿಗೆಯಾದರೆ ಜಿಡ್ಡು ಹತ್ತಿದ ತಳವನ್ನು ಹರಿದು ತೆಗೆದು, ಚೊಕ್ಕಟವಾಗಿರುವ ಮುಚ್ಚಳವನ್ನು ಮಾತ್ರ ರಟ್ಟಿಗೆ ಸೇರಿಸಿ. ಹಣ್ಣಿನ ರಸ, ಹಾಲಿನ ಟೆಟ್ರಾ ಪ್ಯಾಕ್ ನೋಡಲು ರಟ್ಟಿನಂತಿದ್ದರೂ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರನ್ನೂ ಅಂಟಿಸಿ ಮಾಡಿದ್ದು. ತೊಳೆದು ಒಣಗಿಸಿ ಒಣಕಸಕ್ಕೆ ಕೊಡಿ. ಮೀನು, ಹಣ್ಣಿನ ಕೆಲವು ಪೆಟ್ಟಿಗೆಗಳಿಗೆ ಮೇಣ ಹಚ್ಚಿರುತ್ತಾರೆ; ಉಗುರಿನಿಂದ ಗೀರಿದರೆ ಬಿಳಿಯ ಪುಡಿ ಏಳುತ್ತದೆ. ಅದೂ ಬೇರೆಯೇ ಇರಲಿ.

ವಿಳಾಸದ ಚೀಟಿ

ಕೊರಿಯರ್ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು, ವಿಳಾಸ ಇರುತ್ತದೆ, ಮೊಬೈಲ್ ಸಂಖ್ಯೆಯೂ ಇರಬಹುದು. ನೀವು ಏನು ಕೊಂಡಿರಿ ಎಂಬುದೂ ಕೆಲವೊಮ್ಮೆ ಇರುತ್ತದೆ. ‘ನಿಮ್ಮ ಆರ್ಡರಿಗೆ ಬಹುಮಾನ ಬಂದಿದೆ, ಓಟಿಪಿ ಹೇಳಿ’ ಎಂದು ಕರೆ ಮಾಡುವವರಿಗೆ ಇಷ್ಟು ಮಾಹಿತಿ ಧಾರಾಳವಾಯಿತು. ಚೀಟಿಯನ್ನು ಕಿತ್ತು ಚೂರು ಮಾಡಿ. ಬಿಗಿಯಾಗಿ ಅಂಟಿದ್ದರೆ ಒದ್ದೆ ಬಟ್ಟೆಯಿಂದ ಅದರ ಮೇಲೊರಸಿ, ಸ್ವಲ್ಪ ನೆನೆದ ಮೇಲೆ ರಟ್ಟಿನ ಮೇಲ್ಪದರದ ಸಮೇತ ಸುಲಿದರೆ ಆಯಿತು. ಪೆನ್ನಿನಿಂದ ಗೀಚುವುದು ಸಾಲದು. ಕ್ಯೂಆರ್ ಕೋಡಿನ ಒಂದಿಷ್ಟು ಭಾಗ ಮಸುಕಾದರೂ ಅದು ಓದಿಸಿಕೊಳ್ಳಬಲ್ಲದು.

ಬಿಚ್ಚಿ ಚಪ್ಪಟೆ ಮಾಡುವುದು

ಬಹಳ ಮಂದಿ ಪೆಟ್ಟಿಗೆಯನ್ನು ತುಳಿದು ಅಪ್ಪಚ್ಚಿ ಮಾಡುತ್ತಾರೆ, ಇಲ್ಲವೇ ಕತ್ತಿ ತೆಗೆದುಕೊಂಡು ನಾಲ್ಕೂ ಮೂಲೆ ಸೀಳುತ್ತಾರೆ. ಎರಡೂ ಬೇಡ. ತುಳಿದದ್ದು ಮತ್ತೆ ಉಬ್ಬುತ್ತದೆ, ಸೀಳಿದ್ದು ಕಟ್ಟು ನಿಲ್ಲುವುದಿಲ್ಲ. ಪೆಟ್ಟಿಗೆ ಹುಟ್ಟಿದ್ದೇ ಒಂದು ಚಪ್ಪಟೆ ಹಾಳೆಯಾಗಿ. ಅದನ್ನು ಮಡಿದ ದಾರಿಯಲ್ಲೇ ಬಿಡಿಸಿದರೆ ಶ್ರಮವೇ ಇಲ್ಲ.

ಪೆಟ್ಟಿಗೆಯನ್ನು ಬೋರಲು ಹಾಕಿ. ತಳದ ಟೇಪಿನ ನಡುಗೆರೆಯ ಮೇಲೆ ಬೀಗದ ಕೈಯ ಹಲ್ಲನ್ನೋ ಹಳೆಯ ಬಾಲ್‌ಪೆನ್ನಿನ ತುದಿಯನ್ನೋ ಒತ್ತಿ ಎಳೆಯಿರಿ, ಟೇಪು ಸೀಳುತ್ತದೆ. ಬ್ಲೇಡು ಬಳಸುವುದಾದರೆ ನಿಮ್ಮಿಂದ ಆಚೆಗೆ ಎಳೆಯಿರಿ, ಹಿಡಿದ ಕೈ ಬ್ಲೇಡಿನ ದಾರಿಯಲ್ಲಿ ಇರದಿರಲಿ. ಮೇಲಿನ, ಕೆಳಗಿನ ಮಡಿಕೆಗಳು ತೆರೆದ ಮೇಲೆ ಪೆಟ್ಟಿಗೆಯ ಎದುರುಬದುರು ಮೂಲೆಗಳನ್ನು ಹಿಡಿದು ಒತ್ತಿದರೆ ಅದು ತಾನಾಗಿ ಓರೆಯಾಗಿ ಮಲಗಿಬಿಡುತ್ತದೆ. ಬಹಳ ದೊಡ್ಡದಾದರೆ, ಉದಾಹರಣೆಗೆ ಫ್ರಿಜ್‌ನದು, ನಾಲ್ಕು ಮೂಲೆಗಳಲ್ಲಿ ಒಂದರಲ್ಲಿ ಎರಡು ಬೆರಳು ಅಗಲದ ಬೆಸುಗೆ ಇರುತ್ತದೆ: ರಟ್ಟಿನ ಮೇಲೆ ರಟ್ಟು ಕೂರಿಸಿ ಅಂಟಿಸಿದ ಅಥವಾ ಪಿನ್ ಹೊಡೆದ ಜಾಗ. ಅದೊಂದನ್ನು ಬಿಡಿಸಿದರೆ ಇಡೀ ಪೆಟ್ಟಿಗೆ ಚಾಪೆಯಾಗುತ್ತದೆ.

ಆ ಪಿನ್ನುಗಳು ತಾಮ್ರದ ಬಣ್ಣದವು, ದಪ್ಪ, ತುದಿ ಒಳಗಡೆ ಬಾಗಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿ, ಇಕ್ಕಳದಿಂದ ಎಳೆಯಿರಿ. ಗುಜರಿಗೆ ಕೊಡುವ ರಟ್ಟಿನಲ್ಲಿ ಪಿನ್ನು ಉಳಿದರೆ ಅನಾಹುತವಿಲ್ಲ. ತೋಟಕ್ಕೆ ಹಾಕುವ ರಟ್ಟಿನಲ್ಲಿ ಮಾತ್ರ ಒಂದೂ ಉಳಿಯಬಾರದು. ಬರಿಗಾಲಲ್ಲಿ ಓಡಾಡುವ ಜಾಗ ಅದು, ದನ ಮೇಯುವ ಜಾಗವೂ ಹೌದು.

ಟೇಪು ಕೀಳುವುದಕ್ಕೆ ಒಳ್ಳೆಯ ಸಮಯ ನಡುಮಧ್ಯಾಹ್ನ. ಏಪ್ರಿಲ್ ತಿಂಗಳ ಬಿಸಿಲಿಗೆ ಅರ್ಧ ಗಂಟೆ ಕಾಯಿಸಿದರೆ ಅಂಟು ಮೆತ್ತಗಾಗಿ ಉದ್ದಕ್ಕೆ ಎದ್ದು ಬರುತ್ತದೆ. ಗಾಳಿಗುಳ್ಳೆಯ ಹಾಳೆ, ಪ್ಲಾಸ್ಟಿಕ್ ಪಟ್ಟಿ ಎಲ್ಲವೂ ಪ್ಲಾಸ್ಟಿಕ್ಕಿನ ಚೀಲಕ್ಕೆ ಹೋಗಲಿ. ಥರ್ಮೋಕೋಲನ್ನು ಮಾತ್ರ ಮುರಿಯಬೇಡಿ. ಅದರ ಕಾಳು ಒಮ್ಮೆ ಅಂಗಳಕ್ಕೆ ಚೆಲ್ಲಿದರೆ ತುಂಗೆಯವರೆಗೂ ಹರಿದುಹೋಗುತ್ತದೆ.

ಒಣಗಿಸಿ ಕಟ್ಟುವುದು

ಚಪ್ಪಟೆಯಾದ ರಟ್ಟುಗಳನ್ನು ಅಡಿಕೆ ಒಣಗಿಸುವ ಅಂಗಳದಲ್ಲೋ ತಾರಸಿಯ ಮೇಲೋ ಒಂದು ದಿನ ಬಿಸಿಲಿಗೆ ಹರಡಿ, ನಡುವೆ ಒಮ್ಮೆ ಮಗುಚಿ. ಒಣಗಿದ ರಟ್ಟನ್ನು ಬೆರಳಿನಿಂದ ತಟ್ಟಿದರೆ ಟಕ್ಕೆಂದು ಶಬ್ದ ಬರುತ್ತದೆ, ತೇವ ಉಳಿದದ್ದು ಮಂಕಾಗಿರುತ್ತದೆ. ಈ ಬಿಸಿಲು ಒಳಗಿನ ಹುಳುಗಳನ್ನೂ ಓಡಿಸುತ್ತದೆ. ಸಂಜೆಯ ಗುಡುಗು ಮಳೆಗೆ ಮುಂಚೆ ಒಳಗೆ ಎತ್ತಬೇಕು. ಮೇ ತಿಂಗಳ ಆಕಾಶವನ್ನು ನಂಬಬೇಡಿ.

ದೊಡ್ಡದನ್ನು ಕೆಳಗೆ, ಚಿಕ್ಕದನ್ನು ಮೇಲೆ ಪೇರಿಸಿ, ಮೊಣಕಾಲೆತ್ತರಕ್ಕೆ ನಿಲ್ಲಿಸಿ. ಅದಕ್ಕಿಂತ ಎತ್ತರವಾದರೆ ಒಬ್ಬರಿಂದ ಎತ್ತಲಾಗದು. ಸೆಣಬಿನ ಹುರಿಯಿಂದ ಉದ್ದಕ್ಕೊಂದು, ಅಡ್ಡಕ್ಕೊಂದು ಸುತ್ತು ಹಾಕಿ. ಹುರಿ ಇಲ್ಲವಾದರೆ ಒಣಗಿದ ಬಾಳೆಪಟ್ಟೆಯನ್ನು ನೀರಿನಲ್ಲಿ ನೆನೆಸಿ ಸೀಳಿಕೊಳ್ಳಿ, ಒಣಗಿದಂತೆ ಅದೂ ಬಿಗಿಯುತ್ತದೆ. ಕಟ್ಟನ್ನು ನೇರ ನೆಲದ ಮೇಲೆ ಇಡದೆ ಎರಡು ಇಟ್ಟಿಗೆಯ ಮೇಲೋ ಅಡಿಕೆ ದಬ್ಬೆಯ ಮೇಲೋ ಇಡಿ, ಗೋಡೆಗೂ ತಾಗಿಸಬೇಡಿ. ಮಣ್ಣಿನ ಗೋಡೆಯ ಮನೆಗಳಲ್ಲಿ ಗೆದ್ದಲು ಒಂದೇ ರಾತ್ರಿಯಲ್ಲಿ ದಾರಿ ಮಾಡಿಕೊಂಡಿರುತ್ತದೆ.

ಯಾರಿಗೆ ಕೊಡುವುದು?

ಪೇಟೆಯಲ್ಲಿ ಗುಜರಿ ಅಂಗಡಿ ಹತ್ತಿರವಿದ್ದರೆ ಅದೇ ಲೇಸು. ದರ ತಿಂಗಳಿಗೊಂದು ತರಹ ಇರುತ್ತದೆ, ಆದ್ದರಿಂದ ಎರಡು ಕಡೆ ಫೋನಿನಲ್ಲಿ ವಿಚಾರಿಸಿ ನಂತರ ಹೊರಡಿ. ಮನೆಯಲ್ಲೇ ಒಮ್ಮೆ ತೂಗಿಕೊಳ್ಳಿ. ಅಡಿಕೆ, ಮೆಣಸು ಬೆಳೆಯುವ ಮನೆಗಳಲ್ಲಿ ತಕ್ಕಡಿಗೇನು ಬರ? ಅಂಗಡಿಯ ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ತೂಕದಲ್ಲಿ ವ್ಯತ್ಯಾಸ ಬಂದರೆ ಜಗಳ ಬೇಡ, ‘ಮನೆಯಲ್ಲಿ ಇಷ್ಟು ಬಂದಿತ್ತಲ್ಲ’ ಎಂದರೆ ಸಾಕು. ತೂಕ ಹೆಚ್ಚಲೆಂದು ರಟ್ಟಿಗೆ ನೀರು ಚಿಮುಕಿಸುವ ಜಾಣರೂ ಇದ್ದಾರೆ. ಗುಜರಿಯವರು ಕೈಯಿಟ್ಟ ಕೂಡಲೇ ತಿಳಿಯುತ್ತಾರೆ, ಮುಂದಿನ ಬಾರಿ ಒಣಗಿದ್ದನ್ನು ಒಯ್ದರೂ ತೇವದ ಲೆಕ್ಕ ಕಳೆಯುತ್ತಾರೆ.

ಮಾರುವ ಉಸಾಬರಿ ಬೇಡವೆನ್ನುವವರು ಮಹಾನಗರ ಪಾಲಿಕೆಯ ಕಸದ ಗಾಡಿಗೆ ಒಣಕಸವಾಗಿ ಕೊಡಬಹುದು. ಹಸಿಕಸದ ಬುಟ್ಟಿಯ ಮೇಲೆ ಇಟ್ಟು ಕೊಟ್ಟರೆ ಮಾತ್ರ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರುಪಾಲು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಸ್ವಚ್ಛವಾಹಿನಿ ಗಾಡಿ ಬರುತ್ತದೆ. ಅನೇಕ ಕಡೆ ಅದನ್ನು ಓಡಿಸುವವರೂ, ಒಣಕಸ ವಿಂಗಡಿಸುವವರೂ ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಕಟ್ಟಿಕೊಟ್ಟ ಚೊಕ್ಕಟ ರಟ್ಟು ಅವರಿಗೆ ಕೆಲಸವನ್ನೂ ಉಳಿಸುತ್ತದೆ, ಸಂಘಕ್ಕೆ ನಾಲ್ಕು ಕಾಸನ್ನೂ ತರುತ್ತದೆ.

ಭದ್ರಾವತಿಯಲ್ಲಿ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ಇದ್ದಾಗ ಜಿಲ್ಲೆಯವರಿಗೆ ಕಾಗದ ಎಂದರೆ ನಮ್ಮದೇ ಊರಿನ ವಸ್ತು. 1936ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ ಬಿದಿರು, ನೀಲಗಿರಿ, ಕಬ್ಬಿನ ಸಿಪ್ಪೆಯನ್ನು ಅರೆದು ಕಾಗದ ಮಾಡುತ್ತಿತ್ತು. ಅಲ್ಲಿ ಉತ್ಪಾದನೆ ನಿಂತು ವರ್ಷಗಳಾದವು. ನಿಮ್ಮ ಪೆಟ್ಟಿಗೆ ಹೋಗುವುದು ಹಳೆಯ ರಟ್ಟನ್ನೇ ಕಚ್ಚಾವಸ್ತುವಾಗಿ ಕೊಳ್ಳುವ ಬೇರೆ ಗಿರಣಿಗೆ. ಅಲ್ಲಿ ಅದು ಮತ್ತೆ ಪೆಟ್ಟಿಗೆಯಾಗುತ್ತದೆ. ಹೀಗೆ ಐದರಿಂದ ಏಳು ಬಾರಿ ತಿರುಗಬಹುದು, ಪ್ರತಿ ಬಾರಿಯೂ ನಾರು ಇನ್ನಷ್ಟು ಗಿಡ್ಡವಾಗಿ ಕೊನೆಗೆ ಹಿಡಿತ ಕಳೆದುಕೊಳ್ಳುತ್ತದೆ.

ತೋಟಕ್ಕೆ, ಗೊಬ್ಬರಗುಂಡಿಗೆ

ಮಾರಾಟಕ್ಕೆ ಸಲ್ಲದ, ಆದರೆ ಪ್ಲಾಸ್ಟಿಕ್ ಲೇಪವಾಗಲಿ ಇಲಿಯ ಗಲೀಜಾಗಲಿ ಇಲ್ಲದ ಕಂದು ರಟ್ಟು ತೋಟಕ್ಕೆ ಉಪಯೋಗ. ಕಳೆ ತಡೆಯಲು ನೆಲಕ್ಕೆ ಹಾಸುವುದನ್ನು ವಿಡಿಯೊಗಳಲ್ಲಿ ನೋಡಿರುತ್ತೀರಿ. ಅವುಗಳಲ್ಲಿ ಅನೇಕವು ಒಣ ಹವೆಯ ಊರಿನವು. ನಮ್ಮಲ್ಲಿ ಜೂನ್ ತಿಂಗಳಲ್ಲಿ ಹಾಸಿದ ರಟ್ಟು ನೆಲವನ್ನು ಉಸಿರುಗಟ್ಟಿಸುತ್ತದೆ, ಅದರಡಿ ಆಫ್ರಿಕನ್ ಬಸವನಹುಳು ಸಂಸಾರ ಹೂಡುತ್ತದೆ. ಮಳೆ ಇಳಿದ ಮೇಲೆ, ಅಕ್ಟೋಬರ್ ಕೊನೆಯ ಹೊತ್ತಿಗೆ ಹಾಸಿದರೆ ಬೇಸಿಗೆಗೆ ನೆಲದ ತಂಪು ಉಳಿಯುತ್ತದೆ. ಬಾಳೆ, ಅಡಿಕೆ ಸಸಿಯ ಬುಡದಿಂದ ಒಂದು ಗೇಣು ಬಿಟ್ಟು ಹಾಸಿ, ಮೇಲೆ ದರಕು (ಉದುರಿದ ಒಣ ಎಲೆ) ಹರಡಿ. ಕಾಳುಮೆಣಸಿನ ಬಳ್ಳಿಯ ಬುಡಕ್ಕಂತೂ ಬೇಡವೇ ಬೇಡ. ತೇವ ನಿಂತ ಬುಡ ಸೊರಗುರೋಗಕ್ಕೆ ಬಾಗಿಲು. ಗೆದ್ದಲಿನ ಕಾಟವಿರುವ ದಿಣ್ಣೆ ಜಾಗಕ್ಕೂ ಬೇಡ.

ಗೊಬ್ಬರಗುಂಡಿಗೆ ಹಾಕುವಾಗ ಅಂಗೈ ಅಗಲದ ಚೂರುಗಳಾಗಿ ಹರಿದು ಸಗಣಿನೀರಿನಲ್ಲಿ ಅದ್ದಿ ಹಾಕಿ. ಗೊಬ್ಬರ ಚೆನ್ನಾಗಿ ಕಳಿಯಲು ಸಾರಜನಕದ 25ರಿಂದ 30 ಪಟ್ಟು ಇಂಗಾಲ ಇರಬೇಕು. ರಟ್ಟಿನಲ್ಲಿ ಅದು ನೂರಾರು ಪಟ್ಟು ಇರುತ್ತದೆ. ಸಗಣಿ, ಹಸಿ ಸೊಪ್ಪು, ಅಡುಗೆಮನೆಯ ಸಿಪ್ಪೆ ಸೇರದಿದ್ದರೆ ರಟ್ಟು ಮುಂದಿನ ವರ್ಷವೂ ರಟ್ಟಾಗಿಯೇ ಸಿಗುತ್ತದೆ. ಅಡುಗೆಮನೆಯ ಬುಟ್ಟಿ ನೀರುಬಿಟ್ಟು ನಾರುತ್ತಿದ್ದರೆ ಅದಕ್ಕೆ ಒಂದು ಹಿಡಿ ಒಣ ರಟ್ಟಿನ ಚೂರು ಹಾಕಿ ನೋಡಿ, ವಾಸನೆ ತಗ್ಗುತ್ತದೆ.

ಬಚ್ಚಲೊಲೆಯ ಪ್ರಶ್ನೆ

ಹಂಡೆಯ ಒಲೆಗೆ ರಟ್ಟು ಹಾಕದ ಮನೆ ಮಲೆನಾಡಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಬೆಂಕಿ ಹೊತ್ತಿಸಲು ಟೇಪಿಲ್ಲದ, ಬಣ್ಣವಿಲ್ಲದ ಒಂದೆರಡು ಚೂರು ಹಾಕಿದರೆ ನನ್ನ ಆಕ್ಷೇಪವಿಲ್ಲ. ಇಡೀ ಪೆಟ್ಟಿಗೆ ತುರುಕುವುದು ಬೇರೆ ಮಾತು. ಅದು ಭಗ್ಗೆಂದು ಹೊತ್ತಿ, ಉರಿಯುವ ತೆಳು ಪದರಗಳು ಹೊಗೆಯೊಂದಿಗೆ ಮೇಲೇರಿ ಹೊರಗೆ ಬೀಳುತ್ತವೆ. ಪಕ್ಕದಲ್ಲೇ ಹುಲ್ಲುಬಣವೆ ಇದ್ದರೆ ಮುಂದಿನದನ್ನು ಊಹಿಸಿಕೊಳ್ಳಿ. ಹೊಳೆಯುವ ಪೆಟ್ಟಿಗೆ, ಟೇಪು, ಥರ್ಮೋಕೋಲಿನ ಹೊಗೆ ಸ್ನಾನಕ್ಕೆ ಹೋದವರ ಎದೆಗೇ ಇಳಿಯುತ್ತದೆ. ರಸ್ತೆಬದಿಯಲ್ಲಿ ಕಸ ಸುಡುವುದನ್ನು ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ನಿಷೇಧಿಸಿವೆ.

ಮಳೆಗಾಲದಲ್ಲಿ ಬಂದ ಪೆಟ್ಟಿಗೆಗಳು

ಅಟ್ಟ ಖಾಲಿಯಾದರೂ ಕೊರಿಯರ್ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ಪೆಟ್ಟಿಗೆಗಳನ್ನು ಜಗುಲಿಯಲ್ಲೇ ತೆರೆಯಿರಿ, ವಸ್ತು ಮಾತ್ರ ಒಳಗೆ ಹೋಗಲಿ. ಅಂದೇ ಚೀಟಿ ಕಿತ್ತು, ಚಪ್ಪಟೆ ಮಾಡಿ, ಅಡುಗೆಮನೆಯ ಬೆಚ್ಚಗಿನ ಗೋಡೆಯ ಕಡೆ ಒಲೆಗೆ ದೂರವಾಗಿ ನಿಲ್ಲಿಸಿ. ಏಳೆಂಟು ಸೇರಿದ ಕೂಡಲೇ ಗಾಡಿಗೆ ಕೊಟ್ಟುಬಿಡಿ. ಮುಂದಿನ ಬೇಸಿಗೆಗೆಂದು ಕೂಡಿಡಬೇಡಿ. ಹಿತ್ತಿಲಲ್ಲಿ ಪ್ಲಾಸ್ಟಿಕ್ ಹೊದಿಸಿ ಇಡುವ ಉಪಾಯವೂ ಬೇಡ. ಹೊದಿಕೆಯ ಮಡಿಕೆಯಲ್ಲಿ ನಿಂತ ನೀರು ಡೆಂಗಿಯ ಸೊಳ್ಳೆಗೆ ಸಾಕು. ಬರುವಾಗಲೇ ನೆನೆದು ಮುದ್ದೆಯಾಗಿರುವ ಪೆಟ್ಟಿಗೆಯನ್ನು ಒಣಗಿಸುವ ಸಾಹಸಕ್ಕೆ ಇಳಿಯದೆ, ಟೇಪು ಕಿತ್ತು ನೇರ ಗೊಬ್ಬರಗುಂಡಿಗೆ ಹಾಕಿ, ಮೇಲೊಂದು ಬುಟ್ಟಿ ಸಗಣಿ ಸುರಿಯಿರಿ.